ಒಡಲೊಳಗಿನ ನೀರುಚೀಲ: ಹೈಡಾಟಿಡ್ ರೋಗವನ್ನು ಸ್ಕ್ಯಾನ್ ಗುರುತಿಸುವ ಬಗೆ

ಗೌರಿಬಿದನೂರಿನ ಬಳಿ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪನ ಮಾಪಕಗಳು 1960ರ ದಶಕದಿಂದಲೂ ನೆಲದಾಳದ ಅಲೆಗಳನ್ನು ಗ್ರಹಿಸಿ, ಕಣ್ಣಿಗೆ ಕಾಣದ ಕಂಪನದ ನೆಲೆಯನ್ನು ಗುರುತಿಸುತ್ತ ಬಂದಿವೆ. ಅಲೆಯನ್ನು ಓದಿ ಒಳಗನ್ನು ಅರಿಯುವ ಇಂಥದೇ ವಿದ್ಯೆ ವೈದ್ಯಕೀಯದಲ್ಲಿ ಅಲ್ಟ್ರಾಸೌಂಡ್ ಎನಿಸಿಕೊಂಡಿದ್ದು, ಕುರಿ ಸಾಕುವ ಸೀಮೆಗಳವರು ತಿಳಿದಿರಬೇಕಾದ ಹೈಡಾಟಿಡ್ ಎಂಬ ಅಪರೂಪದ ರೋಗದ ಪತ್ತೆಗೆ ಅದೇ ಮೊದಲ ಸಾಧನವಾಗಿದೆ.

ನಾಯಿಯ ಕರುಳಿನಲ್ಲಿರುವ ಎಕೈನೊಕಾಕಸ್ ಎಂಬ ಕಿರಿಯ ಲಾಡಿಹುಳುವಿನ ಮೊಟ್ಟೆಗಳು ಕುರಿಯ ಅಥವಾ ಮನುಷ್ಯನ ಹೊಟ್ಟೆ ಸೇರಿದರೆ, ಅವುಗಳಿಂದ ಹೊರಬಂದ ಮರಿಗಳು ರಕ್ತದೊಡನೆ ಯಕೃತ್ತನ್ನೋ ಶ್ವಾಸಕೋಶವನ್ನೋ ತಲುಪಿ, ನೀರು ತುಂಬಿದ ಚೀಲಗಳಾಗಿ ವರ್ಷಗಟ್ಟಲೆ ನೋವಿಲ್ಲದೆ ಬೆಳೆಯಬಲ್ಲವು.

ಅಲ್ಟ್ರಾಸೌಂಡ್ ಚಿತ್ರದಲ್ಲಿ ನೀರು ಕಪ್ಪಾಗಿ ಕಾಣುವುದರಿಂದ ಚೀಲಗಳು ಎದ್ದು ತೋರುತ್ತವೆ; ದೊಡ್ಡ ಚೀಲದೊಳಗೆ ಮರಿಚೀಲಗಳು ಗುಂಪುಗೂಡಿದ್ದರೆ ಅದು ಈ ರೋಗದ ಸ್ಪಷ್ಟ ಗುರುತಾಗುತ್ತದೆ. ಶ್ವಾಸಕೋಶದ ಗಾಳಿಯನ್ನು ಆ ಅಲೆಗಳು ದಾಟಲಾರವಾದ್ದರಿಂದ ಎದೆಗೆ ಎಕ್ಸ್-ರೇ ಮತ್ತು ಸಿಟಿ ಸ್ಕ್ಯಾನ್ ಬೇಕಾಗುತ್ತವೆ. ಒಡೆದ ಚೀಲದ ಒಳಪೊರೆ ಉಳಿದ ದ್ರವದ ಮೇಲೆ ತೇಲುವ ನೋಟವನ್ನು ವೈದ್ಯರು ನೈದಿಲೆಗೆ ಹೋಲಿಸುತ್ತಾರೆ.

ರೋಗವನ್ನು ಶಂಕಿಸದೆ ಸೂಜಿ ಚುಚ್ಚಿದರೆ ದ್ರವ ಸೋರಿ ಪ್ರಾಣಾಪಾಯದ ಅಲರ್ಜಿ ಉಂಟಾಗಬಹುದಾದ ಕಾರಣ, ಚಿತ್ರವನ್ನು ಸರಿಯಾಗಿ ಓದುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ಆ ಬಳಿಕ ಚೀಲದ ಹಂತವನ್ನು ನೋಡಿ ಆಲ್ಬೆಂಡಜೋಲ್ ಮಾತ್ರೆ, ಶಸ್ತ್ರಚಿಕಿತ್ಸೆ ಅಥವಾ ಬರಿಯ ನಿಗಾ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ.

ಇಂಥ ಚೀಲಗಳಿರಬಹುದಾದ ಕುರಿಯ ಹಸಿ ಯಕೃತ್ತು, ಶ್ವಾಸಕೋಶಗಳನ್ನು ನಾಯಿಗೆ ಹಾಕದಿರುವುದು, ನಾಯಿಗೆ ಕಾಲಕಾಲಕ್ಕೆ ಜಂತುಹುಳುವಿನ ಔಷಧಿ ಕೊಡಿಸುವುದು ಮತ್ತು ಉಣ್ಣುವ ಮೊದಲು ಕೈತೊಳೆಯುವುದು, ಈ ಮೂರೂ ಸೇರಿದರೆ ರೋಗದ ಸರಪಳಿ ಕಡಿಯುತ್ತದೆ.