ಹೋದ ಕರೆಂಟು ವಾಪಸ್ಸು ಬರಬೇಕು

ನಮ್ಮ ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಕಡೆ ಮೋಟಾರ್ ಸೈಕಲ್ ಈಗ ಶೋಕಿಯ ವಸ್ತುವಲ್ಲ. ಡೇರಿಗೆ ಹಾಲಿನ ಕ್ಯಾನು ಹೋಗುವುದು ಅದರ ಮೇಲೆ, ಮಾರುಕಟ್ಟೆಗೆ ರೇಷ್ಮೆಗೂಡು ಹೋಗುವುದು ಅದರ ಮೇಲೆ. ಅಪರಾತ್ರಿಯಲ್ಲಿ ಡಾಕ್ಟರ ಬಳಿ ಓಡಬೇಕಾದರೂ ಅದೇ ಗತಿ. ಅಂಥ ಗಾಡಿ ಬೇಕಾದ ಹೊತ್ತಿನಲ್ಲಿ ಸ್ಟಾರ್ಟ್ ಆಗದಿದ್ದರೆ ದೋಷ ಎಲ್ಲಿದೆಯೆಂದು ಕಂಡುಹಿಡಿಯುವುದು ಹೇಗೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ. ನಾನು ಮೆಕ್ಯಾನಿಕ್ ಅಲ್ಲ. ಮೆಟ್ರಿಕ್ ಪಾಸಾಗಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಆದರೆ ಈ ವಿಷಯ ಕಲಿಯಲು ನಾನು ತೆತ್ತ ಬೆಲೆ ಸಣ್ಣದಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ.

2018ರ ಜನವರಿ ತಿಂಗಳು. ಬೆಳಗಿನ ಜಾವ ನಾಲ್ಕು ಗಂಟೆಗೆ ಕಲ್ಯಾಣದುರ್ಗದಿಂದ ಅಕ್ಕನ ಮಗ ಫೋನು ಮಾಡಿದ. "ಮಾವಾ, ಅಮ್ಮ ನಿಮ್ಮನ್ನೇ ಕೇಳ್ತಾ ಇದ್ದಾಳೆ, ಬೇಗ ಬನ್ನಿ" ಅಂದ. ಬಸ್ಸಿಗೆ ಕಾಯುವುದು ಬೇಡವೆಂದು ಬೈಕು ಹೊರಗೆ ತಂದೆ. ದೀಪ ಚೆನ್ನಾಗಿ ಉರಿಯಿತು, ಹಾರನ್ನು ಕೂಗಿತು. ಸೆಲ್ಫ್ ಗುಂಡಿ ಒತ್ತಿದರೆ ಮಾತ್ರ 'ಟಕ್' ಎಂಬ ಒಂದೇ ಸದ್ದು. ಆ ಗಾಡಿಗೆ ಕಿಕ್ ಇರಲಿಲ್ಲ. ಮನೆಯವಳೂ ನಾನೂ ಸೇರಿ ತಳ್ಳಿದೆವು. ಮೊಣಕಾಲು ನೋವಿನ ನನ್ನಿಂದ ಬೇಕಾದಷ್ಟು ವೇಗ ಬರಲಿಲ್ಲ. ಕೊನೆಗೆ ಎರಡು ಬಸ್ಸು ಬದಲಾಯಿಸಿಕೊಂಡು ಹೋದೆ. ನಾನು ಹೋಗಿ ಸೇರುವ ಹೊತ್ತಿಗೆ ಅಕ್ಕನಿಗೆ ಮಾತು ನಿಂತಿತ್ತು. ಆ ಸಂಜೆಯೇ ಹೋಗಿಬಿಟ್ಟಳು.

ಗಾಡಿಯ ಈ ರೋಗ ಹೊಸದೇನೂ ಆಗಿರಲಿಲ್ಲ. ಅದಕ್ಕೂ ಮುಂಚೆ ಆರು ತಿಂಗಳಲ್ಲಿ ಎರಡು ಬ್ಯಾಟರಿ ಹಾಕಿಸಿದ್ದೆ. ಪ್ರತಿ ಸಲವೂ ಅಂಗಡಿಯವರು "ಬ್ಯಾಟರಿ ವೀಕು ಸಾರ್" ಅಂದರು, ನಾನೂ ಹಣ ಕೊಟ್ಟು ಬಂದೆ. ಬ್ಯಾಟರಿ ಕಳಚಿ ಹಾಕುವಾಗ ವೈರುಗಳು ಅಲುಗಾಡಿ ಕೆಲವು ದಿನ ಸರಿಯಾಗಿ ಓಡುತ್ತಿತ್ತು. ಅದನ್ನೇ ರಿಪೇರಿ ಎಂದು ನಾವೆಲ್ಲ ನಂಬಿದೆವು.

ಅಕ್ಕನ ವೈಕುಂಠ ಸಮಾರಾಧನೆಯ ದಿನ ಅವರ ಹಿತ್ತಿಲಲ್ಲಿ ಗೋಣಿಚೀಲ ಹೊದಿಸಿದ್ದ ಭಾವನ ಹಳೆಯ ಯೆಜ್ದಿ ಕಣ್ಣಿಗೆ ಬಿತ್ತು. ಭಾವ ಮೇಷ್ಟ್ರಾಗಿದ್ದವರು, ಅಕ್ಕನಿಗಿಂತ ಮುಂಚೆಯೇ ತೀರಿಕೊಂಡಿದ್ದರು. ಯೆಜ್ದಿ ನಮ್ಮ ಕನ್ನಡ ನಾಡಿನ ಗಾಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ದಿ ತಯಾರಾಗುತ್ತಿದ್ದವು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಕಿಕ್ ಹೊಡೆಯುವುದಕ್ಕೂ ಗೇರು ಹಾಕುವುದಕ್ಕೂ ಅದರಲ್ಲಿ ಒಂದೇ ಸನ್ನೆಕೋಲು. ಭಾವನ ಯೆಜ್ದಿಯ ವಿದ್ಯುತ್ತು ಆರು ವೋಲ್ಟಿನದು. ಗಾಡಿ ಮುಷ್ಕರ ಹೂಡಿದಾಗ ಭಾವ ಯಾರನ್ನೂ ಕರೆಯುತ್ತಿರಲಿಲ್ಲ. ಎಂಜಿನ್ನಿನ ಪಕ್ಕದ ಮುಚ್ಚಳ ತೆಗೆದು, ಪಾಯಿಂಟನ್ನು ಸಣ್ಣ ಎಮರಿ ಕಾಗದದಿಂದ ಉಜ್ಜಿ, 0.4 ಮಿಲಿಮೀಟರ್ ಸಂದು ಇಟ್ಟು, ಪ್ಲಗ್ ಒರೆಸಿ ಹಾಕಿ ಒಂದು ಕಿಕ್ ಹೊಡೆಯುತ್ತಿದ್ದರು. ಆಗ ನನಗೆ ಹೇಳುತ್ತಿದ್ದ ಮಾತು ಇದು: "ಹೋದ ಕರೆಂಟು ವಾಪಸ್ಸು ಬರಬೇಕಪ್ಪಾ. ಎಲ್ಲರೂ ಹೋಗುವ ದಾರಿ ನೋಡ್ತಾರೆ, ಬರುವ ದಾರಿ ಯಾರೂ ನೋಡಲ್ಲ."

ಊರಿಗೆ ಬಂದವನೇ ಬರುವ ದಾರಿ ನೋಡಿದೆ. ಬ್ಯಾಟರಿಯ ಮೈನಸ್ ತುದಿಯಿಂದ ಹೊರಟ ದಪ್ಪ ವೈರು ಎಂಜಿನ್ನಿಗೆ ಬಂದು ಸೇರುವ ಕಡೆ ಹತ್ತು ನಂಬರಿನ ಒಂದು ಬೋಲ್ಟು. ಅದು ಸಡಿಲವಾಗಿ, ಕೆಳಗೆ ತುಕ್ಕು ಹಿಡಿದಿತ್ತು. ಉಜ್ಜಿ ಬಿಗಿ ಮಾಡಿದೆ, ಗುಂಡಿ ಒತ್ತಿದೆ. ಎಂಜಿನ್ನು ಒಂದೇ ಸಲಕ್ಕೆ ಓಡಿತು. ಖರ್ಚು ಒಂದು ಕಾಸೂ ಇಲ್ಲ. ಆಗ ಸಂತೋಷವಾಗಲಿಲ್ಲ, ಕೇಳುಗರೇ. ಗಾಡಿ ಓಡುತ್ತಿರುವಾಗಲೇ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಈಗ ವಿಷಯಕ್ಕೆ ಬರೋಣ. ದೀಪ ಉರಿಯುವಾಗ ಸೆಲ್ಫ್ ಏಕೆ ತಿರುಗುವುದಿಲ್ಲ? ಹೆಡ್‌ಲೈಟಿನ 35 ವಾಟಿನ ಬಲ್ಬು 12 ವೋಲ್ಟಿನಲ್ಲಿ ಸುಮಾರು ಮೂರು ಆಂಪಿಯರ್ ಕರೆಂಟು ತೆಗೆದುಕೊಳ್ಳುತ್ತದೆ. ಸೆಲ್ಫ್ ಮೋಟಾರಿಗೆ ಹತ್ತಾರು ಆಂಪಿಯರ್ ಬೇಕು. ಲೆಕ್ಕಕ್ಕೆ 60 ಎಂದಿಟ್ಟುಕೊಳ್ಳೋಣ. ಒಂದು ಜಾಯಿಂಟಿನಲ್ಲಿ ತುಕ್ಕಿನಿಂದ ಒಂದು ಓಮಿನ ಹತ್ತನೇ ಒಂದು ಭಾಗದಷ್ಟು ತಡೆ ಇದೆ ಎನ್ನಿ. ಮೂರು ಆಂಪಿಯರ್ ಹರಿಯುವಾಗ ಅಲ್ಲಿ ನಷ್ಟವಾಗುವುದು 0.3 ವೋಲ್ಟ್ ಮಾತ್ರ, ಕಣ್ಣಿಗೆ ತಿಳಿಯುವುದೇ ಇಲ್ಲ. 60 ಆಂಪಿಯರ್ ಹರಿಯಬೇಕಾದರೆ ಅಲ್ಲೇ ಆರು ವೋಲ್ಟ್ ಹೋಗಬೇಕು, ಅಂದರೆ ಬ್ಯಾಟರಿಯ ಅರ್ಧ ಶಕ್ತಿ. ಮೋಟಾರಿಗೆ ಏನು ಉಳಿಯಿತು? ಸಣ್ಣ ಚೆಕ್ಕು ಪಾಸಾದ ಮಾತ್ರಕ್ಕೆ ಖಾತೆಯಲ್ಲಿ ದೊಡ್ಡ ಮೊತ್ತ ಇದೆಯೆಂದು ಹೇಳಲಾಗದು. ಹಾಗೆಯೇ ದೀಪ ಉರಿದ ಮಾತ್ರಕ್ಕೆ ದಾರಿ ಸರಿಯಿದೆ ಎನ್ನಲಾಗದು.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಇಡೀ ಲೆಡ್ಜರನ್ನು ಹರಿದು ಹಾಕುತ್ತಿರಲಿಲ್ಲ. ವ್ಯತ್ಯಾಸದ ಮೊತ್ತ ಒಂಬತ್ತರಿಂದ ಭಾಗವಾದರೆ ಯಾವುದೋ ಎರಡು ಅಂಕಿ ಅದಲುಬದಲಾಗಿರಬಹುದು ಎಂದು ಅಲ್ಲಿಂದ ಹುಡುಕುತ್ತಿದ್ದೆವು. ಗಾಡಿಯಲ್ಲೂ ಹಾಗೆಯೇ. ಅದು ಹೇಗೆ ಮುಷ್ಕರ ಹೂಡುತ್ತದೆ ಎಂಬುದರಲ್ಲೇ ದೋಷದ ಜಾಗ ಅಡಗಿರುತ್ತದೆ.

ಎಲ್ಲಕ್ಕಿಂತ ಮೊದಲು ಖರ್ಚಿಲ್ಲದವನ್ನು ನೋಡಿ. ಹ್ಯಾಂಡಲಿನ ಬಲಗಡೆಯ ಕೆಂಪು ಸ್ವಿಚ್ಚು ಆಫ್ ಆಗಿದೆಯೇ? ಮಕ್ಕಳು ಆಡುತ್ತಾ ಒತ್ತಿರುವುದುಂಟು. ಗಾಡಿ ನ್ಯೂಟ್ರಲ್ಲಿನಲ್ಲಿದೆಯೇ? ಕ್ಲಚ್ ಪೂರ್ತಿ ಹಿಡಿದಿದ್ದೀರಾ? ಅನೇಕ ಹೊಸ ಗಾಡಿಗಳು ಪಕ್ಕದ ಸ್ಟ್ಯಾಂಡು ಕೆಳಗಿದ್ದು ಗೇರಿನಲ್ಲಿದ್ದರೆ ಸ್ಟಾರ್ಟ್ ಆಗುವುದಿಲ್ಲ. ಸ್ಟ್ಯಾಂಡಿನ ಸ್ವಿಚ್ಚಿಗೆ ಕೆಸರು ಮೆತ್ತಿಕೊಂಡರೂ ಇದೇ ತೊಂದರೆ.

ಇನ್ನು ಲಕ್ಷಣಗಳು. ಮೊದಲನೆಯದು, ಕೀ ತಿರುಗಿಸಿದರೆ ದೀಪವೂ ಇಲ್ಲ, ಸದ್ದೂ ಇಲ್ಲ. ಆಗ ಮುಖ್ಯ ಫ್ಯೂಸು, ಬ್ಯಾಟರಿಯ ಎರಡು ತುದಿ, ಕೀ ಸ್ವಿಚ್ಚು, ಈ ಕ್ರಮದಲ್ಲಿ ನೋಡಿ. ಫ್ಯೂಸು ಹೋಗಿದ್ದರೆ ಅದೇ ಆಂಪಿಯರಿನದನ್ನೇ ಹಾಕಿ. ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವನ್ನೋ ತಂತಿಯನ್ನೋ ಸುತ್ತಬೇಡಿ. ಫ್ಯೂಸಿನ ಬದಲು ವೈರೇ ಉರಿಯುತ್ತದೆ, ಅದರ ಮೇಲೆಯೇ ಪೆಟ್ರೋಲ್ ಟ್ಯಾಂಕು ಇರುತ್ತದೆ.

ಎರಡನೆಯದು, 'ಟಕ್' ಅಥವಾ 'ಟಕಟಕ' ಸದ್ದು. ಗುಂಡಿ ಒತ್ತಿಕೊಂಡೇ ದೀಪವನ್ನು ಗಮನಿಸಿ. ದೀಪ ಪೂರ್ತಿ ಮಂಕಾದರೆ ಬ್ಯಾಟರಿ ಖಾಲಿಯಾಗಿದೆ, ಇಲ್ಲವೇ ಬ್ಯಾಟರಿಯ ತುದಿಯೇ ಸಡಿಲವಾಗಿದೆ. ದೀಪ ಹಾಗೆಯೇ ಉರಿಯುತ್ತಿದ್ದರೆ ಬ್ಯಾಟರಿಯನ್ನು ದೂರಬೇಡಿ. ಸೆಲ್ಫಿನ ರಿಲೇ, ಮೋಟಾರಿಗೆ ಹೋಗುವ ವೈರು, ಮೋಟಾರಿನ ಒಳಗಿನ ಕಾರ್ಬನ್ ಬ್ರಷ್, ಎಂಜಿನ್ನಿನ ಅರ್ತ್ ವೈರು, ಇವುಗಳಲ್ಲಿ ಒಂದು ಕೆಟ್ಟಿದೆ. ಆ ಬೆಳಗಿನ ಜಾವ ನನ್ನ ಕಣ್ಣೆದುರೇ ದೀಪ ಚೆನ್ನಾಗಿ ಉರಿಯುತ್ತಿತ್ತು. ಗಾಡಿ ತನ್ನ ದೋಷವನ್ನು ತಾನೇ ಹೇಳುತ್ತಿತ್ತು, ನಾನು ಕೇಳಿಸಿಕೊಳ್ಳಲಿಲ್ಲ.

ಮೂರನೆಯದು, ಸೆಲ್ಫ್ ಜೋರಾಗಿ ತಿರುಗುತ್ತದೆ, ಎಂಜಿನ್ನು ಮಾತ್ರ ಹತ್ತಿಕೊಳ್ಳುವುದಿಲ್ಲ. ಪೆಟ್ರೋಲ್ ಇದೆಯೇ ಎಂದು ಮೊದಲು ನೋಡಿ, ನಗಬೇಡಿ. ಆಮೇಲೆ ಕಿಡಿ. ಪ್ಲಗ್ ಬಿಚ್ಚಿ, ಅದರ ಟೋಪಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್ನಿಗೆ ಗಟ್ಟಿಯಾಗಿ ತಾಗುವಂತೆ ರಬ್ಬರ್ ಹಿಡಿಯ ಇಕ್ಕಳದಿಂದ ಹಿಡಿದು ಎಂಜಿನ್ನನ್ನು ತಿರುಗಿಸಬೇಕು. ನೀಲಿ ಬಣ್ಣದ ಚುರುಕು ಕಿಡಿ ಕಾಣಬೇಕು. ಪ್ಲಗ್ ತೆಗೆದ ರಂಧ್ರದಿಂದ ದೂರ ಹಿಡಿಯಿರಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತದೆ. ಪ್ಲಗ್ಗನ್ನು ಲೋಹಕ್ಕೆ ತಾಗಿಸದೆ ಗಾಳಿಯಲ್ಲಿ ಬಿಟ್ಟು ತಿರುಗಿಸಿದರೆ ಹೊಸ ಗಾಡಿಗಳ ಎಲೆಕ್ಟ್ರಾನಿಕ್ ಭಾಗ ಹಾಳಾಗಬಹುದು. ಕಿಡಿಯೇ ಇಲ್ಲದಿದ್ದರೆ ಬೇರೆ ಪ್ಲಗ್ ಹಾಕಿ ನೋಡಿ. ಆಗಲೂ ಇಲ್ಲವಾದರೆ ಕಾಯಿಲ್ಲಿನ ಕಡೆಯ ವೈರುಗಳನ್ನು ಪರೀಕ್ಷಿಸಿ. ಆಮೇಲಿನದು ಮೆಕ್ಯಾನಿಕ್ಕಿನ ಕೆಲಸ.

ಒಂದು ಸಣ್ಣ ಮಲ್ಟಿಮೀಟರ್ ಮನೆಯಲ್ಲಿ ಇಟ್ಟುಕೊಳ್ಳಿ. ಬ್ಯಾಟರಿಗಿಂತ ಎಷ್ಟೋ ಕಡಿಮೆ ಬೆಲೆಗೆ ಸಿಗುತ್ತದೆ. ಡಿ.ಸಿ. 20 ವೋಲ್ಟಿಗೆ ತಿರುಗಿಸಿ, ಈ ನಾಲ್ಕು ಅಳತೆ ತೆಗೆದುಕೊಳ್ಳಿ. ಬೇಕಾದವರು ಬರೆದುಕೊಳ್ಳಬಹುದು.

ಒಂದು: ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟಿನ ಆಸುಪಾಸು ತೋರಿಸಬೇಕು. 12ಕ್ಕೆ ಇಳಿದಿದ್ದರೆ ಬಹುಪಾಲು ಖಾಲಿ, ಚಾರ್ಜ್ ಮಾಡಿಸಿ. ಎರಡು: ಸೆಲ್ಫ್ ಒತ್ತಿದಾಗ ಅದು ಒಂಬತ್ತೂವರೆಗಿಂತ ಕೆಳಗೆ ಕುಸಿದರೆ ಬ್ಯಾಟರಿಗೆ ನಿಜವಾಗಿಯೂ ಬಲವಿಲ್ಲ. ಮೂರು: ಎಂಜಿನ್ನು ಓಡುತ್ತಿರುವಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ 13.5ರಿಂದ 14.5ರ ಒಳಗೆ ಇರಬೇಕು. 12ರಲ್ಲೇ ನಿಂತಿದ್ದರೆ ಚಾರ್ಜ್ ಆಗುತ್ತಿಲ್ಲ. ಹೊಸ ಬ್ಯಾಟರಿ ಹಾಕಿದರೂ ಕೆಲವೇ ದಿನದಲ್ಲಿ ಸಾಯುತ್ತದೆ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದ್ದು ಹೋಗುತ್ತದೆ.

ನಾಲ್ಕನೆಯದು ಭಾವನ 'ಬರುವ ದಾರಿ'ಯ ಪರೀಕ್ಷೆ. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಕೆಂಪು ಕಡ್ಡಿಯನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಒತ್ತಿಸಿ. ಎರಡೂ ಮೈನಸ್ಸೇ ಆದ್ದರಿಂದ ಮೀಟರು ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ವಾಪಸ್ಸು ದಾರಿಯಲ್ಲಿ ಕಳ್ಳನಿದ್ದಾನೆ. ಈ ಪರೀಕ್ಷೆಗೆ ಒಂದು ನಿಮಿಷ ಸಾಕು. ನಾನು ಎರಡು ಬ್ಯಾಟರಿ ಕೊಂಡದ್ದು ಇದನ್ನು ಮಾಡದೆ.

ಹೊಸ ಗಾಡಿಗಳ ಬಗ್ಗೆ ಎರಡು ಮಾತು. 2017ರ ಏಪ್ರಿಲ್‌ನಿಂದ ತಯಾರಾಗುವ ಗಾಡಿಗಳಲ್ಲಿ ಎಂಜಿನ್ನು ಓಡುವಾಗ ಹೆಡ್‌ಲೈಟು ಸದಾ ಉರಿಯುತ್ತಿರುತ್ತದೆ. ಬರೀ ಸಂತೆಗೂ ಗುಡಿಗೂ ಅರ್ಧ ಮೈಲಿ ಓಡಿಸಿ ನಿಲ್ಲಿಸುವವರ ಬ್ಯಾಟರಿಗೆ, ಸೆಲ್ಫಿಗೆ ಕೊಟ್ಟದ್ದು ಮರಳಿ ತುಂಬಲು ಸಮಯ ಸಾಲುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಬಹುತೇಕ ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂದಿದೆ. ಅದರ ಪೆಟ್ರೋಲ್ ಪಂಪು ಓಡುವುದು ವಿದ್ಯುತ್ತಿನಿಂದ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಇಂಥ ಗಾಡಿ ಎಷ್ಟು ತಳ್ಳಿದರೂ ಸ್ಟಾರ್ಟ್ ಆಗುವುದು ಕಷ್ಟ. ಆದ್ದರಿಂದ ಮುಂಚಿತವಾಗಿ ನೋಡಿಕೊಳ್ಳುವುದೇ ಲೇಸು.

ಕೊನೆಗೆ ಎಚ್ಚರಿಕೆಯ ಮಾತು. ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಮೈನಸ್ ಕೊನೆಗೆ. ಹೀಗೆ ಮಾಡಿದರೆ ಸ್ಪಾನರ್ ಚಾಸಿಸ್ಸಿಗೆ ತಗುಲಿದರೂ ಕಿಡಿ ಹಾರದು. ನೀರು ಹಾಕುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಿ. ನಮ್ಮ ಬೋರ್‌ವೆಲ್ಲಿನ ಉಪ್ಪು ನೀರು ಬ್ಯಾಟರಿಗೆ ವಿಷ. ಚಾರ್ಜ್ ಮಾಡುವ ಜಾಗದಲ್ಲಿ ಬೀಡಿ ಹಚ್ಚಬೇಡಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಬ್ಯಾಟರಿಯ ತುದಿಗಳನ್ನೂ ಎಂಜಿನ್ನಿನ ಅರ್ತ್ ಬೋಲ್ಟನ್ನೂ ಬಿಚ್ಚಿ, ಉಜ್ಜಿ, ಬಿಗಿ ಮಾಡಿ, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ.

ಮೆಕ್ಯಾನಿಕ್ಕುಗಳ ಮೇಲೆ ನನಗೆ ದ್ವೇಷವಿಲ್ಲ. ಅಳತೆ ಮಾಡದೆ ಬದಲಾಯಿಸಿದವರು ಅವರು, ಅಳತೆ ಕೇಳದೆ ಹಣ ಕೊಟ್ಟವನು ನಾನು. ಮುಂದಿನ ಸಲ ಯಾರಾದರೂ ಬ್ಯಾಟರಿ ಹೋಗಿದೆ ಎಂದರೆ "ಎಷ್ಟು ವೋಲ್ಟ್ ಇದೆ, ತೋರಿಸಪ್ಪಾ" ಎಂದು ಕೇಳಿ. ಈ ಭಾನುವಾರ ಹತ್ತು ನಂಬರ್ ಸ್ಪಾನರ್ ಹಿಡಿದು ಆ ಒಂದು ಬೋಲ್ಟನ್ನು ನೋಡಿಬಿಡಿ. ಬೆಳಗಿನ ಜಾವ ಯಾರಿಗೆ ಯಾರ ಫೋನು ಬರುತ್ತದೋ ಹೇಳಲಾಗದು.