ಮನೆತನವಿಲ್ಲದವರ ಮನೆ

ಚಿತ್ರ ಬರೆಯುವುದನ್ನು ಕಾಲೇಜಿಗೆ ಹೋಗಿ, ಪದವಿಗಾಗಿ ಕಲಿಯಬೇಕೆ? ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಕನ್ನಡ ಪಾಠ ಹೇಳಿದ ವರ್ಷಗಳಲ್ಲಿ ಈ ಪ್ರಶ್ನೆಯನ್ನು ನಾನು ಹಲವು ಸಲ ಕೇಳಿದ್ದೇನೆ. ಕೇಳುವವರು ಎರಡು ಬಗೆಯವರು. ಅದರಿಂದ ಹೊಟ್ಟೆ ತುಂಬುವುದೇ ಎಂಬುದು ತಂದೆತಾಯಿಗಳ ಸಂದೇಹ. ಕಲೆ ರಕ್ತದಲ್ಲಿ ಬರತಕ್ಕದ್ದು, ಪಾಠದಿಂದ ಬರತಕ್ಕದ್ದಲ್ಲ ಎಂಬುದು ವಿದ್ಯಾವಂತರ ಆಕ್ಷೇಪ. ಮೊದಲನೆಯದು ಬಡತನದಿಂದ ಹುಟ್ಟಿದ ಮಾತು. ಅದಕ್ಕೆ ಗೌರವದಿಂದ ಉತ್ತರ ಹೇಳಬೇಕು. ಎರಡನೆಯದು ನೋಡಲು ಸೊಗಸಾದದ್ದು. ಆದರೆ ಅದರಿಂದಾಗುವ ಕೇಡು ದೊಡ್ಡದು. ಆದುದರಿಂದ ಅದನ್ನೇ ಮೊದಲು ಪರಿಶೀಲಿಸೋಣ.

ರಕ್ತದಲ್ಲಿ ಬರುತ್ತದೆಂದು ನಾವು ಯಾವುದನ್ನು ಹೇಳುತ್ತೇವೆಯೋ ಅದು ಬಹುಪಾಲು ಮನೆಯಲ್ಲಿ ಬಂದದ್ದು. ಹೆಗ್ಗಡದೇವನಕೋಟೆಯ ಸೀಮೆಯ ಕೃಷ್ಣಶಿಲೆಯೆಂಬ ಕರಿಗಲ್ಲು ಶಿಲ್ಪಿಗಳಲ್ಲಿ ಹೆಸರಾದದ್ದು. ನುಣುಪಾಗಿ ಉಳಿಗೆ ಒದಗುವ ಕಲ್ಲು ಅದು. ಅಯೋಧ್ಯೆಯಲ್ಲಿ ೨೦೨೪ರ ಜನವರಿ ೨೨ರಂದು ಪ್ರತಿಷ್ಠೆಗೊಂಡ ಬಾಲರಾಮನ ವಿಗ್ರಹವೂ ಮೈಸೂರು ಜಿಲ್ಲೆಯ ಇಂಥ ಕಲ್ಲಿನದೇ. ಅದನ್ನು ಕಡೆದ ಮೈಸೂರಿನ ಅರುಣ್ ಯೋಗಿರಾಜರು ಕಲಾಶಾಲೆಯ ಪದವೀಧರರಲ್ಲ. ಅವರು ಓದಿದ್ದು ವಾಣಿಜ್ಯ ಆಡಳಿತದ ಎಂ.ಬಿ.ಎ. ಆದರೆ ಅವರ ತಂದೆ ಶಿಲ್ಪಿ. ತಾತ ಬಸವಣ್ಣನವರೂ ಶಿಲ್ಪಿ. ಉಳಿಯ ಸದ್ದನ್ನು ಕೇಳುತ್ತಲೇ ಬೆಳೆದ ಹುಡುಗನಿಗೆ ಮನೆಯೇ ಶಾಲೆ, ಊಟದ ಹೊತ್ತೂ ಪಾಠದ ಹೊತ್ತೇ. ಅವರಿಗೆ ಪದವಿ ಬೇಕಾಗಲಿಲ್ಲವೆಂದರೆ ಕಲಿಕೆ ಬೇಕಾಗಲಿಲ್ಲವೆಂದು ಅರ್ಥವಲ್ಲ. ಆ ಕಲಿಕೆ ಹುಟ್ಟಿದ ದಿನದಿಂದಲೇ ದೊರೆಯಿತೆಂದು ಅರ್ಥ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯನ್ನು ನೋಡಿದವರಿಗೆ ಇಂಥದೇ ಇನ್ನೊಂದು ಮಾದರಿ ಕಾಣುತ್ತದೆ. ೧೯೬೦ರ ದಶಕದ ಆರಂಭದಲ್ಲಿ ಟಿಬೆಟ್ಟಿನಿಂದ ಬಂದ ನಿರಾಶ್ರಿತರು ಕಾಡಿನಂಚಿನ ಆ ನೆಲದಲ್ಲಿ ಬೇರೂರಿದರು. ೧೯೬೩ರಲ್ಲಿ ನಾಮ್‌ಡ್ರೋಲಿಂಗ್ ವಿಹಾರ ಸ್ಥಾಪಿತವಾಯಿತು. ಇಂದು ಅಲ್ಲಿಯ ಗೋಡೆಗಳ ತುಂಬ ಬುದ್ಧ, ಬೋಧಿಸತ್ವರ ಚಿತ್ರಗಳಿವೆ. ಥಂಕಾ ಎಂಬ ಅವರ ಪಟಚಿತ್ರದ ವಿದ್ಯೆ ಕಠಿಣ ಶಿಸ್ತಿನದು. ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು, ಸೀಮೆಸುಣ್ಣ ಬೆರೆಸಿದ ಅಂಟನ್ನು ಬಳಿದು, ನಯವಾದ ಕಲ್ಲಿನಿಂದ ಉಜ್ಜಬೇಕು. ಶಿಷ್ಯನಾದವನು ಅಳತೆಯ ಗೆರೆಗಳ ನಡುವೆ ಬುದ್ಧನ ಮುಖವನ್ನು ಮತ್ತೆ ಮತ್ತೆ ಬರೆಯಬೇಕು. ಕಣ್ಣುಗಳನ್ನು ತೆರೆಯುವುದು ಎಲ್ಲಕ್ಕೂ ಕೊನೆಗೆ. ನಮ್ಮ ಶಿಲ್ಪಿಗಳ ನೇತ್ರೋನ್ಮೀಲನವೂ ಹಾಗೆಯೇ. ಎರಡು ಕಡೆಯೂ ಕಲಿಕೆ ನಡೆಯುವುದು ಒಂದು ಪರಂಪರೆಯ ಒಳಗೆ. ಆ ಒಳಕ್ಕೆ ಸೇರಿದವನು ಧನ್ಯ. ಹೊರಗುಳಿದವನ ಗತಿಯೇನು?

ಈ ನಾಲ್ಕು ತಾಲ್ಲೂಕುಗಳ ಬಹುಮಂದಿ ಮಕ್ಕಳು ಹೊರಗುಳಿದವರೇ. ಅವರ ತಾತಂದಿರು ಶಿಲ್ಪಿಗಳಲ್ಲ, ಚಿತ್ರಗಾರರಲ್ಲ; ಹೊಗೆಸೊಪ್ಪು, ರಾಗಿ, ಬತ್ತ ಬೆಳೆದವರು, ಕಾಡಿನ ಹಾಡಿಗಳಲ್ಲಿ ಬಾಳಿದವರು. ಹಾಗೆಂದು ಅವರಿಗೆ ಕಣ್ಣಿಲ್ಲವೆಂದು ತಿಳಿಯುವುದು ಅಜ್ಞಾನ. ಪಿರಿಯಾಪಟ್ಟಣದ ಕಡೆಯ ರೈತರೊಬ್ಬರು ಒಮ್ಮೆ ನನ್ನನ್ನು ಮನೆಗೆ ಕರೆದರು. ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಪಕ್ಕದ ಕೊಟ್ಟಿಗೆಯಲ್ಲಿ ಮನೆಮಂದಿಯೆಲ್ಲ ಎಲೆ ವಿಂಗಡಿಸುತ್ತಿದ್ದರು.

“ಮೇಷ್ಟ್ರೇ, ನನ್ನ ಮಗಳು ಚಿತ್ರದ ಕಾಲೇಜಿಗೆ ಸೇರ್ತೀನಿ ಅಂತವ್ಳೆ. ನಾಕೈದು ವರ್ಷ ಬಣ್ಣ ಬಳುದ್ರೆ ಅನ್ನ ಹುಟ್ಟದಾ?” ಎಂದರು.

ನಾನು ಉತ್ತರ ಹೇಳದೆ, ಅವರ ಮುಂದಿದ್ದ ಎರಡು ಗುಡ್ಡೆಗಳನ್ನು ತೋರಿಸಿ, ಇವನ್ನು ಬೇರೆ ಮಾಡಿದ್ದೇಕೆಂದು ಕೇಳಿದೆ.

“ಬಣ್ಣ ಬೇರೆ ಅಲ್ವಾ ಮೇಷ್ಟ್ರೇ, ಕಾಣಕಿಲ್ವಾ?” ಎಂದರು.

ನನಗೆ ಕಾಣಲಿಲ್ಲ. ಎರಡೂ ಹಳದಿಯೇ. ಪಕ್ಕದಲ್ಲಿ ಕುಳಿತಿದ್ದ ಹುಡುಗಿ ಒಂದೊಂದು ಎಲೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಇದು ನಿಂಬೆಹಣ್ಣಿನ ಬಣ್ಣ, ಇದು ಕಿತ್ತಳೆಗೆ ತಿರುಗಿದ್ದು, ಇದರ ಅಂಚಿನಲ್ಲಿ ಹಸುರು ಉಳಿದಿದೆ ಎಂದು ತೋರಿಸಿಕೊಟ್ಟಳು. ಬ್ಯಾರನ್ನಿನಲ್ಲಿ ಶಾಖ ಬೇಗ ಏರಿದರೆ ಎಲೆಯ ಹಸುರು ಹೋಗುವುದಿಲ್ಲ, ತಡವಾದರೆ ಕಂದಾಗುತ್ತದೆ. ಹರಾಜು ಮಾರುಕಟ್ಟೆಯಲ್ಲಿ ಬಣ್ಣದ ಅಷ್ಟು ಸಣ್ಣ ಅಂತರವೂ ಬೆಲೆಯನ್ನು ಏರಿಳಿಸುತ್ತದೆ. ಆ ಮನೆಯ ಅನ್ನ ಬಣ್ಣದಿಂದಲೇ ಹುಟ್ಟುತ್ತಿತ್ತು. ಆ ಹುಡುಗಿಯ ಕಣ್ಣನ್ನು ಯಾವ ಪ್ರವೇಶ ಪರೀಕ್ಷೆಯೂ ಇನ್ನಷ್ಟು ಹರಿತ ಮಾಡಬೇಕಾಗಿರಲಿಲ್ಲ. ಆಕೆಗಿಲ್ಲದಿದ್ದುದು ಆ ಕಣ್ಣನ್ನು ಕೈಗೆ ಜೋಡಿಸುವ ಒಂದು ಸ್ಥಳ, ಅದಕ್ಕೆ ಬೇಕಾದ ಕಾಲ, ತಿದ್ದುವ ಜನ.

ಅಂಥ ಸ್ಥಳವೊಂದನ್ನು ಮೈಸೂರು ಬಹು ಹಿಂದೆಯೇ ಕಟ್ಟಿಕೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೦೬ರಲ್ಲಿ, ಮುಂದೆ ಐದನೆಯ ಜಾರ್ಜ್ ಎನಿಸಿದ ಪ್ರಿನ್ಸ್ ಆಫ್ ವೇಲ್ಸ್ ಶಂಕುಸ್ಥಾಪನೆ ಮಾಡಿದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಕುಶಲಕಲೆಗಳ ಜೊತೆಗೆ ಚಿತ್ರವನ್ನೂ ಕಲಿಸುತ್ತಿದ್ದರು. ಉಡುಪಿಯ ಸಮೀಪದ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಗೆ ಹೋಗುವ ಮುನ್ನ ಮೊದಲ ಪಾಠ ಕಲಿತದ್ದು ಇಲ್ಲಿ. ರುಮಾಲೆ ಚನ್ನಬಸವಯ್ಯನವರೂ ಇಲ್ಲಿ ಕಲಿತವರು. ಅದರ ಪರಂಪರೆಯಲ್ಲಿ ೧೯೮೦ರ ದಶಕದ ಆರಂಭದಲ್ಲಿ ಹುಟ್ಟಿದ್ದು ‘ಕಾವಾ’ ಎಂದು ಹೆಸರಾದ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು. ಅದರ ಯೋಜನೆಯನ್ನು ರೂಪಿಸಿಕೊಟ್ಟವರು ರಷ್ಯದಲ್ಲಿ ಹುಟ್ಟಿ ಬೆಂಗಳೂರಿನ ಬಳಿ ನೆಲೆಸಿದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್. ಚಿತ್ರಕಲೆ, ಶಿಲ್ಪ, ಮುದ್ರಣಕಲೆ, ಅನ್ವಯಿಕ ಕಲೆ, ಛಾಯಾಚಿತ್ರ, ಕಲಾ ಇತಿಹಾಸ ಇವು ಅಲ್ಲಿಯ ಶಾಖೆಗಳು. ಹುಣಸೂರಿನಿಂದಾಗಲಿ ಕೃಷ್ಣರಾಜನಗರದಿಂದಾಗಲಿ ಬೆಳಗಿನ ಬಸ್ಸು ಹಿಡಿದರೆ ಪಾಠದ ಹೊತ್ತಿಗೆ ತಲಪಬಹುದು.

ಅಲ್ಲಿ ನಡೆಯುವುದೇನು? ಓದಿದ್ದನ್ನು ಪರೀಕ್ಷೆಯಲ್ಲಿ ಬರೆದು ಮರೆಯುವ ವಿದ್ಯೆಯಲ್ಲ ಅದು. ಮೊದಮೊದಲು ಎಲ್ಲರೂ ಇದ್ದಿಲು ಹಿಡಿದು ಮಡಕೆ, ಬಟ್ಟೆಯ ಮಡಿಕೆ, ಮರ, ಮನುಷ್ಯದೇಹಗಳನ್ನು ಬರೆಯುತ್ತಾರೆ. ಕೈಗೆ ಗೊತ್ತಿರುವುದನ್ನಲ್ಲ, ಕಣ್ಣಿಗೆ ಕಾಣುವುದನ್ನು ಬರೆಯುವ ಅಭ್ಯಾಸ ಅದು. ಆಮೇಲೆ ಒಂದೊಂದು ಮಾಧ್ಯಮವೂ ಒಂದೊಂದು ತಾಳ್ಮೆಯನ್ನು ಕಲಿಸುತ್ತದೆ. ಎಚಿಂಗ್ ಮಾಡುವವನು ಸತುವಿನ ತಗಡಿಗೆ ಮೇಣದಂಥ ಲೇಪ ಕೊಟ್ಟು, ಸೂಜಿಯಿಂದ ಗೆರೆ ಕೊರೆದು, ಆಮ್ಲದಲ್ಲಿ ಅದ್ದುತ್ತಾನೆ. ಲೇಪ ಹೋದಲ್ಲಿ ಆಮ್ಲ ಲೋಹವನ್ನು ತಿನ್ನುತ್ತದೆ. ಆ ಕೊರಕಲಲ್ಲಿ ಶಾಯಿ ತುಂಬಿ, ಒದ್ದೆ ಕಾಗದವಿಟ್ಟು ಒತ್ತಿದರೆ ಚಿತ್ರ ಬಲ ಎಡವಾಗಿ ಮೂಡುತ್ತದೆ. ಬೇಕಾದ ಚಿತ್ರವನ್ನು ಹಿಂದುಮುಂದಾಗಿ ಯೋಚಿಸುವುದು ಕೈಯ ಕೆಲಸ ಮಾತ್ರವಲ್ಲ, ಬುದ್ಧಿಯ ಕೆಲಸ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಮುಗಿದ ಕೆಲಸವನ್ನು ಗೋಡೆಗೆ ತೂಗಿಹಾಕಿ ಸಹಪಾಠಿಗಳೆದುರು “ಇದನ್ನು ಹೀಗೇಕೆ ಮಾಡಿದೆ?” ಎಂಬ ಪ್ರಶ್ನೆಗೆ ಉತ್ತರ ಹೇಳುವುದು.

ಈ ಪ್ರಶ್ನೆ ಮನೆತನದಲ್ಲಿ ಸುಲಭವಾಗಿ ಏಳುವುದಿಲ್ಲ. ತಾತ ಮಾಡಿದಂತೆ ತಂದೆ, ತಂದೆ ಮಾಡಿದಂತೆ ಮಗ. ಅರಮನೆಯ ಚಿತ್ರಗಾರರ ಮನೆತನದಲ್ಲಿ ೧೮೮೬ರಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರಿಗೆ ಕುಲವಿದ್ಯೆಯ ಕೊರತೆಯಿರಲಿಲ್ಲ. ಆದರೂ ಒಡೆಯರು ಅವರನ್ನು ಕಲ್ಕತ್ತೆಯ ಕಲಾಶಾಲೆಗೆ ಕಳುಹಿಸಿದರು. ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದ ವೆಂಕಟಪ್ಪನವರು ಊಟಿಯ ಮಂಜನ್ನೂ ಬೆಟ್ಟಗಳನ್ನೂ ಜಲವರ್ಣದಲ್ಲಿ ಹಿಡಿದರು. ಹಾಗೆ ನೋಡುವುದನ್ನು ಚಿನ್ನದ ರೇಕಿನ ಮನೆವಿದ್ಯೆಯೊಂದೇ ಅವರಿಗೆ ಕಲಿಸಲಾರದಾಗಿತ್ತು. ಮನೆತನವಿದ್ದವರಿಗೂ ಶಾಲೆ ಹೊಸ ಕಿಟಕಿ ತೆರೆಯಿತೆಂದ ಮೇಲೆ, ಇಲ್ಲದವರಿಗೆ ಅದು ಬಾಗಿಲೇ ಸರಿ.

ಇನ್ನು ಅನ್ನದ ಮಾತು. ಚಿತ್ರಗಳನ್ನು ಮಾರಿಯೇ ಬಾಳುವವರು ಎಲ್ಲ ದೇಶಗಳಲ್ಲಿಯೂ ಕೆಲವರೇ. ಇದನ್ನು ಮುಚ್ಚಿಡುವುದು ತಂದೆತಾಯಿಗಳಿಗೆ ಮಾಡುವ ಮೋಸ. ಬಣ್ಣ, ಕ್ಯಾನ್ವಾಸು, ಕುಂಚ, ಕಾಗದಗಳ ಖರ್ಚು ಕಾಲೇಜಿನ ಶುಲ್ಕಕ್ಕಿಂತ ಭಾರವಾಗಬಹುದು. ಆದರೆ ಶಾಲೆಯ ಚಿತ್ರಕಲಾ ಶಿಕ್ಷಕರು, ಪುಸ್ತಕ ಮತ್ತು ಜಾಹೀರಾತಿನ ವಿನ್ಯಾಸಕಾರರು, ರಂಗಸಜ್ಜಿಕೆಯವರು, ಅನಿಮೇಶನ್ ಕೆಲಸದವರು, ಛಾಯಾಗ್ರಾಹಕರು ಇವರೆಲ್ಲರೂ ಇಂಥ ಕಲಿಕೆಯಿಂದ ಬರಬಲ್ಲವರು. ಆ ರೈತರಿಗೆ ನಾನು ಹೇಳಿದ್ದು ಇಷ್ಟೇ. ಹುಡುಗಿ ಸೇರಿದಳು, ಮುದ್ರಣಕಲೆ ಕಲಿತಳು, ಈಗ ಬೆಂಗಳೂರಿನಲ್ಲಿ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಾಳೆ. ಒಂದು ತಿಂಗಳು ಹಣ ಬರುತ್ತದೆ, ಇನ್ನೊಂದು ತಿಂಗಳು ಬರುವುದಿಲ್ಲ. ಹೊಗೆಸೊಪ್ಪಿನ ಹಾಗೆಯೇ ಎಂದು ತಂದೆ ನಗುತ್ತಾರೆ. ಪೂರ್ತಿಯಾಗಿ ಒಪ್ಪಿದ್ದಾರೆಂದು ನಾನು ಹೇಳಲಾರೆ.

ಆದರೆ ಕಾಲೇಜಿನ ಬಾಗಿಲು ತೆರೆದಿದ್ದರೆ ಸಾಲದು; ಅಲ್ಲಿಗೊಂದು ದಾರಿ ಬೇಕು. ಹಳ್ಳಿಯ ಮಗುವಿಗೆ ಆ ದಾರಿಯ ಮೊದಲ ಹೆಜ್ಜೆ ಪ್ರೌಢಶಾಲೆಯ ಚಿತ್ರಕಲೆಯ ತರಗತಿ. ಡ್ರಾಯಿಂಗಿನ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗಳಿವೆ ಎಂದು ಆ ಮಗುವಿಗೆ ಯಾರಾದರೂ ಹೇಳಬೇಕು; ಹೇಳುವವರು ಚಿತ್ರದ ಮೇಷ್ಟ್ರೇ. ಆ ಮೇಷ್ಟ್ರಿಲ್ಲದ ಶಾಲೆಯಲ್ಲಿ ಚಿತ್ರದ ಅವಧಿ ಗಣಿತಕ್ಕೋ ಇಂಗ್ಲಿಷಿಗೋ ಸಂದುಹೋಗುತ್ತದೆ, ಯಾರೂ ದೂರುವುದಿಲ್ಲ. ಗಣಿತದ ಮೇಷ್ಟ್ರಿಲ್ಲದಿದ್ದರೆ ಊರೇ ಎದ್ದು ಕೇಳುತ್ತದೆ. ಶಿಲ್ಪಿಯ ಮಗನಿಗೆ ಇದರಿಂದ ನಷ್ಟವಿಲ್ಲ. ನಷ್ಟವಾಗುವುದು ಎಲೆಯ ಬಣ್ಣ ನೋಡುವ ಹುಡುಗಿಗೆ, ಹಾಡಿಯ ನೆಲದಲ್ಲಿ ಕಡ್ಡಿಯಿಂದ ಆನೆ ಬರೆಯುವ ಹುಡುಗನಿಗೆ. ಕಲೆ ರಕ್ತದಲ್ಲಿದೆಯೆಂಬ ಸೊಗಸಾದ ಮಾತಿನ ಕೇಡೆಂದರೆ ಇದೇ. ಆ ಮಾತನ್ನು ನಂಬಿದವರಿಗೆ ಈ ಮಕ್ಕಳಿಗಾಗಿ ಮಾಡಬೇಕಾದದ್ದು ಏನೂ ಉಳಿಯುವುದಿಲ್ಲ. ನಂಬದವರಿಗೆ ಮಾಡಬೇಕಾದದ್ದು ಬೇಕಾದಷ್ಟಿದೆ. ಅದರಲ್ಲಿ ಮೊದಲನೆಯದು, ವಾರಕ್ಕೊಂದು ಚಿತ್ರದ ಅವಧಿಯನ್ನು ಚಿತ್ರಕ್ಕೇ ಉಳಿಸಿಕೊಡುವುದು.