ಮಾತು ಬದಲಾಗಲಿ, ಕಥೆ ಕೆಡದಿರಲಿ



ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳವೋ ಮರಾಠಿಯೋ ತೆಲುಗೋ ತಮಿಳೋ ಆಡುವವರು ನಾವು. ಒಂದು ಭಾಷೆಯ ಮಾತು ಇನ್ನೊಂದಕ್ಕೆ ಹೋಗುವಾಗ ಏನು ಉಳಿಯುತ್ತದೆ, ಏನು ಸೋರಿಹೋಗುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದೇ ವಿಷಯವಾಗಿ, ಜಪಾನಿನ ಕಾರ್ಟೂನ್ ಚಿತ್ರಗಳ ಸುತ್ತ ಅಮೆರಿಕದಲ್ಲಿ ಬಹಳ ವರ್ಷ ನಡೆದ ಒಂದು ವಾದವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಈ ಚಿತ್ರಗಳಿಗೆ ಜಪಾನಿನಲ್ಲಿ 'ಅನಿಮೆ' ಎನ್ನುತ್ತಾರೆ. ಅಲ್ಲಿ ಮಕ್ಕಳಿಗಾಗಿ ಮಾಡಿದವೂ ಇವೆ, ದೊಡ್ಡವರಿಗಾಗಿ ಮಾಡಿದವೂ ಇವೆ. ಆದರೆ ಅಮೆರಿಕದ ವ್ಯಾಪಾರಿಗಳಲ್ಲಿ ಹೆಚ್ಚಿನವರು ಕಾರ್ಟೂನ್ ಎಂದರೆ ಮಕ್ಕಳ ಸರಕು ಎಂದೇ ತಿಳಿದಿದ್ದರು. ತೊಡಕು ಹುಟ್ಟಿದ್ದು ಇಲ್ಲಿ.

ಬ್ಯಾಂಕಿನಲ್ಲಿ ಲೆಕ್ಕ ಬರೆದೇ ಆಯುಷ್ಯ ಕಳೆದವನು ನಾನು, ಲೆಕ್ಕದಿಂದಲೇ ಆರಂಭಿಸುತ್ತೇನೆ. 1980ರ ದಶಕದಲ್ಲಿ ಅಮೆರಿಕದ ಟಿ.ವಿ. ಕೇಂದ್ರಗಳು ದಿನವಹಿ ಧಾರಾವಾಹಿಗೆ ವಾರಕ್ಕೆ 5ರಂತೆ 13 ವಾರ, ಅಂದರೆ 65 ಕಂತು ಕೇಳುತ್ತಿದ್ದವು. 'ಮ್ಯಾಕ್ರಾಸ್' ಎಂಬ ಜಪಾನಿ ಧಾರಾವಾಹಿಯಲ್ಲಿ ಇದ್ದದ್ದು 36 ಮಾತ್ರ. ಹಾರ್ಮೊನಿ ಗೋಲ್ಡ್ ಸಂಸ್ಥೆಯ ಪರವಾಗಿ ಕಾರ್ಲ್ ಮೇಸೆಕ್ ಎಂಬವರು, ಅದಕ್ಕೆ ಸಂಬಂಧವೇ ಇಲ್ಲದ 23 ಕಂತಿನ ಒಂದನ್ನೂ 25 ಕಂತಿನ ಮತ್ತೊಂದನ್ನೂ ಜೋಡಿಸಿದರು. ಒಟ್ಟು 84 ಆಯಿತು. ಇದ್ದ ದೃಶ್ಯಗಳನ್ನೇ ಸೇರಿಸಿ ನಡುವೆ ಇನ್ನೊಂದು ಕಂತು ಮಾಡಿದರು. ಮೂರು ಕಥೆಗಳ ಪಾತ್ರಗಳು ಮೂರು ತಲೆಮಾರಿನವರೆಂದು ಹೇಳಿ, 1985ರಲ್ಲಿ 'ರೋಬೊಟೆಕ್' ಎಂಬ 85 ಕಂತಿನ ಒಂದೇ ಕಥೆಯಾಗಿ ತೋರಿಸಿದರು. ಮೂಲ ಬಲ್ಲ ಅಭಿಮಾನಿಗಳು ಸಿಟ್ಟಾದರು. ಆದರೂ ಜಪಾನಿ ಕಾರ್ಟೂನಿನ ರುಚಿ ಅನೇಕ ಅಮೆರಿಕನ್ ಹುಡುಗರಿಗೆ ಹತ್ತಿದ್ದು ಇದರಿಂದಲೇ ಎಂಬುದೂ ಸುಳ್ಳಲ್ಲ.

ಅದೇ ವರ್ಷ ಇನ್ನೊಂದು ಚಿತ್ರಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬಿತ್ತು. ಹಯಾವೊ ಮಿಯಾಝಾಕಿ ಅವರ 'ನೌಸಿಕಾ' 1984ರಲ್ಲಿ ಜಪಾನಿನಲ್ಲಿ ತೆರೆಕಂಡಿತ್ತು. ಮಹಾಯುದ್ಧದಿಂದ ಕೆಟ್ಟ ಭೂಮಿ, ಅದರ ಮೇಲೆ ಹಬ್ಬಿದ ವಿಷದ ಕಾಡು, ಅದನ್ನು ಕಾಯುವ ದೈತ್ಯ ಹುಳುಗಳು. ಆ ಕಾಡು ನಿಜವಾಗಿ ಭೂಮಿಯ ವಿಷವನ್ನು ಹೀರಿ ಶುದ್ಧಮಾಡುತ್ತಿದೆ ಎಂದು ಒಬ್ಬ ರಾಜಕುಮಾರಿ ಕಂಡುಕೊಳ್ಳುವುದೇ ಕಥೆಯ ಜೀವಾಳ. ಅಮೆರಿಕದಲ್ಲಿ 117 ನಿಮಿಷದ ಈ ಚಿತ್ರದಿಂದ ಸುಮಾರು 22 ನಿಮಿಷ ಕತ್ತರಿಸಿದರು. ನೌಸಿಕಾ 'ಝಾಂಡ್ರಾ' ಆದಳು. ಹುಳುಗಳು ಬರೀ ಶತ್ರುಗಳಾದವು, ಕಾಡಿನ ಮಾತು ಮಸುಕಾಯಿತು. ಜಾಹೀರಾತಿನ ಚಿತ್ರದಲ್ಲಂತೂ ಸಿನಿಮಾದಲ್ಲಿ ಇಲ್ಲದ ಗಂಡಾಳುಗಳೇ ಮುಂದೆ ನಿಂತಿದ್ದರು!

ಇದು ಅಭಿಮಾನಿಗಳಿಗೆ ಹೇಗೆ ತಿಳಿಯಿತು ಎಂದು ನೀವು ಕೇಳಬಹುದು. ಅವರು ಜಪಾನಿನಿಂದ ಮೂಲ ಕ್ಯಾಸೆಟ್ಟುಗಳನ್ನು ತರಿಸಿ, ಕ್ಲಬ್ಬುಗಳಲ್ಲಿ ಒಟ್ಟಿಗೆ ಕೂತು ನೋಡುತ್ತಿದ್ದರು. ಮುಂದೆ ಮನೆಯ ಕಂಪ್ಯೂಟರಿನಿಂದ ಚಿತ್ರದ ಕೆಳಗೆ ಇಂಗ್ಲಿಷ್ ಅಕ್ಷರ ಮೂಡಿಸಿ, ಪ್ರತಿಮಾಡಿ ಅಂಚೆಯಲ್ಲಿ ಹಂಚಿದರು. ಕಾನೂನಿನ ಅನುಮತಿ ಅದಕ್ಕಿರಲಿಲ್ಲ. ಆದರೆ ಮೂಲವನ್ನೂ ನಕಲನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುವವರು ಅವರೇ ಆಗಿದ್ದರು.

ಮಿಯಾಝಾಕಿ ಮತ್ತು ಅವರ ಗೆಳೆಯರು 1985ರಲ್ಲೇ ಸ್ಟುಡಿಯೊ ಘಿಬ್ಲಿ ಕಟ್ಟಿದರು. ವಿದೇಶಕ್ಕೆ ಕೊಟ್ಟ ಚಿತ್ರಕ್ಕೆ ಯಾರೂ ಕತ್ತರಿ ಹಾಕಕೂಡದು ಎಂಬುದು ಅದರ ಗಟ್ಟಿ ನಿಯಮವಾಯಿತು. 1996ರಲ್ಲಿ ಡಿಸ್ನಿಯೊಡನೆ ಒಪ್ಪಂದವಾದಾಗಲೂ ಈ ಷರತ್ತು ಇತ್ತು. ಹಾಗಿದ್ದರೂ 1997ರ 'ಪ್ರಿನ್ಸೆಸ್ ಮೊನೊನೊಕೆ'ಯನ್ನು ಮೊಟಕುಮಾಡಬೇಕೆಂದು ಅಮೆರಿಕದ ವಿತರಕರು ಹಟಹಿಡಿದರು. ನಿರ್ಮಾಪಕ ತೊಶಿಯೊ ಸುಜುಕಿ ಅವರಿಗೆ ಒಂದು ಜಪಾನಿ ಕತ್ತಿಯನ್ನೇ ಕೊಟ್ಟು, ಕತ್ತರಿಸುವಂತಿಲ್ಲ ಎಂದು ಸೂಚಿಸಿದರು. 1999ರಲ್ಲಿ ಚಿತ್ರ ಇಡಿಯಾಗಿಯೇ ತೆರೆಕಂಡಿತು.

ಆದರೆ ಅದರ ಇಂಗ್ಲಿಷ್ ಮಾತು ಅಕ್ಷರಕ್ಕೆ ಅಕ್ಷರವಾಗಿರಲಿಲ್ಲ ಎಂಬುದನ್ನು ಗಮನಿಸಿ. ಮೂಲದಲ್ಲಿ ಒಬ್ಬ, ಗಂಜಿ ಬಿಸಿನೀರಿನಂತಿದೆ ಎಂದು ಹಳಿಯುತ್ತಾನೆ. ಜಪಾನಿನವರಿಗೆ ಅದು ಚುಚ್ಚುಮಾತು, ಅಮೆರಿಕದವರಿಗೆ ನಾಟದು. ಆದ್ದರಿಂದ ಲೇಖಕ ನೀಲ್ ಗೈಮನ್ ಅದನ್ನು ಕತ್ತೆಯ ಮೂತ್ರಕ್ಕೆ ಹೋಲಿಸಿದರು. ಮಾತು ಬೇರೆಯಾಯಿತು, ಬೈಗುಳದ ಕಾವು ಉಳಿಯಿತು. ಇಂಥ ಬದಲಾವಣೆಯನ್ನೂ ಒಪ್ಪದೆ, ಮೂಲದ ದನಿ ಕೇಳುತ್ತಾ ಅಕ್ಷರ ಓದುವುದೇ ಸರಿ ಎನ್ನುವ ಅಭಿಮಾನಿಗಳಿದ್ದಾರೆ. ಆದರೆ ಓದಲು ಬಾರದ ಚಿಕ್ಕ ಮಗುವಿಗೆ, ಕಣ್ಣು ಮಂಜಾದ ಅಜ್ಜಿಗೆ ಡಬ್ಬಿಂಗ್ ಬೇಕೇ ಬೇಕಲ್ಲವೇ?

ಹಾಗಾದರೆ ಸರಿತಪ್ಪು ಅಳೆಯುವುದು ಹೇಗೆ? ಅರ್ಥ ದಾಟಿಸಲೆಂದು ಮಾತು ಬದಲಿಸುವುದು ಒಂದು. ನೋಡುವವರಿಗೆ ಇಷ್ಟು ತಿಳಿಯದು ಎಂದು ತಾವೇ ತೀರ್ಮಾನಿಸಿ ಅರ್ಥವನ್ನೇ ಕಿತ್ತುಹಾಕುವುದು ಇನ್ನೊಂದು. ಹಾಗೆ ತೀರ್ಮಾನಿಸಿದವರ ಎಣಿಕೆ ಸುಳ್ಳಾಯಿತು. ಮಿಯಾಝಾಕಿಯವರ 'ಸ್ಪಿರಿಟೆಡ್ ಅವೇ' ಕತ್ತರಿ ಕಾಣದೆ ಹೋಗಿ 2003ರಲ್ಲಿ ಆಸ್ಕರ್ ಗೆದ್ದಿತು. 2005ರಲ್ಲಿ 'ನೌಸಿಕಾ' ಕೂಡ ತನ್ನ ಪೂರ್ಣ ರೂಪದಲ್ಲಿ, ತನ್ನ ಹೆಸರಿನಲ್ಲೇ ಅಮೆರಿಕದವರ ಕೈಸೇರಿತು.

ನಮ್ಮ ಮನೆಯ ಮಕ್ಕಳೂ ಇಂದು ಹೊರನಾಡಿನ ಕಾರ್ಟೂನುಗಳನ್ನು ಡಬ್ಬಾದ ಮಾತಿನಲ್ಲಿ ನೋಡುತ್ತಾರೆ. ಒಮ್ಮೆ ಅವರ ಪಕ್ಕ ಕುಳಿತು ಕೇಳಿ. ಮಾತು ಎಲ್ಲಿ ಜಾರಿತೆಂದು ಗುರುತಿಸುವ ಕಿವಿ, ಎರಡು ಭಾಷೆಯ ನಡುವೆ ಬಾಳುವ ನಿಮಗೆ ಹೇಗೂ ಇದೆ.